ಮರಿ ಹದಕ್ಕೆ ಬಂದಿದೆಯಾ? ಕಣ್ಣಲ್ಲ, ಕೈ ಹೇಳಬೇಕು

ಪ್ರಶ್ನೆ: ನಮ್ಮಲ್ಲಿ ಎಂಟು ಕುರಿಮರಿ ಇವೆ, ಎಲ್ಲಕ್ಕೂ ಐದು ತಿಂಗಳು ತುಂಬಿದೆ. ತೂಕ 24 ಕೆಜಿಯಿಂದ 33 ಕೆಜಿವರೆಗೆ ಇದೆ. ನಾಲ್ಕು ಹೆಣ್ಣು, ಎರಡು ಬೀಜ ಒಡೆಸಿದವು, ಇನ್ನೆರಡು ಹಾಗೇ ಬಿಟ್ಟ ಟಗರುಮರಿ. ನೋಡೋಕೆ ಎಲ್ಲವೂ ಗುಂಡಗಿವೆ. ಆದರೆ ಕಡಿಯುವವರು ಬಂದು ಒಂದೊಂದರ ಬೆನ್ನೂ ಅಮುಕಿ ನೋಡಿ, ಮೂರು ಆಗಿವೆ, ಉಳಿದವು ಇನ್ನೂ ಹದಕ್ಕೆ ಬಂದಿಲ್ಲ ಅಂದುಬಿಟ್ಟರು. ಅದರಲ್ಲೂ 33 ಕೆಜಿಯ ಟಗರುಮರಿಯನ್ನು ಬೇಡ ಅಂದರು, 27 ಕೆಜಿಯ ಹೆಣ್ಣುಮರಿ ಆಗಿದೆ ಅಂದರು! ಇದು ಹೇಗೆ? ಇಷ್ಟು ತೂಕ, ಇಷ್ಟು ವಯಸ್ಸು ಅಂತ ಒಂದು ಲೆಕ್ಕ ಇಲ್ವಾ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಅವರಿಗೆ ಕೆಲಸ ಗೊತ್ತಿದೆ. ಅವರು ಬೆನ್ನು ಅಮುಕಿ ನೋಡಿದ್ದು ಚರ್ಮದ ಕೆಳಗೆ ನೆಣ ಎಷ್ಟು ಕೂತಿದೆ ಅಂತ. ಮರಿ ಹದಕ್ಕೆ ಬಂದಿದೆ ಅನ್ನುವುದಕ್ಕೆ ಅದಕ್ಕಿಂತ ನಂಬಿಕಸ್ತ ಗುರುತು ಇಲ್ಲ. ತೂಕ, ವಯಸ್ಸು ಎರಡೂ ಬೇಕು, ಇಲ್ಲ ಅನ್ನಲ್ಲ. ಆದರೆ ಅವು ಹೇಳುವುದು ಯಾವಾಗಿನಿಂದ ಮುಟ್ಟಿ ನೋಡೋಕೆ ಶುರು ಮಾಡಬೇಕು ಅಂತ ಅಷ್ಟೇ. ಆಗಿದೆಯೋ ಇಲ್ಲವೋ ಅನ್ನುವುದನ್ನು ಕೈ ತೀರ್ಮಾನ ಮಾಡಬೇಕು.

33 ಕೆಜಿಯದು ಬೇಡ, 27 ಕೆಜಿಯದು ಆಗಿದೆ ಅಂದಿದ್ದು ಯಾಕೆ ಅಂತ ಮೊದಲು ನೋಡೋಣ. ಇದು ಅರ್ಥವಾದರೆ ಉಳಿದದ್ದು ಸಲೀಸು. ಮರಿ ಬೆಳೆಯುವಾಗ ಮೊದಲು ಜೋರಾಗಿ ಬೆಳೆಯುವುದು ಎಲುಬು, ಆಮೇಲೆ ಮಾಂಸ, ಕೊನೆಗೆ ನೆಣ. ಒಂದು ನಿಂತ ಮೇಲೆ ಇನ್ನೊಂದು ಶುರುವಾಗುತ್ತೆ ಅಂತಲ್ಲ, ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ, ಆದರೆ ತಿಂದ ಮೇವಿನ ಹೆಚ್ಚಿನ ಪಾಲು ಯಾವುದಕ್ಕೆ ಹೋಗುತ್ತೆ ಅನ್ನುವುದು ವಯಸ್ಸಿನ ಜೊತೆ ಬದಲಾಗುತ್ತಾ ಹೋಗುತ್ತೆ. ನೆಣ ಕೂರುವುದರಲ್ಲೂ ಒಂದು ಕ್ರಮ ಇದೆ. ಮೊದಲು ಒಳಗೆ, ಕಿಡ್ನಿ ಸುತ್ತ ಮತ್ತು ಕರುಳಿನ ಮೇಲೆ. ಆಮೇಲೆ ಮಾಂಸಖಂಡಗಳ ನಡುವೆ. ಆಮೇಲೆ ಚರ್ಮದ ಕೆಳಗೆ. ಕಟ್ಟಕಡೆಗೆ ಮಾಂಸದ ಎಳೆಗಳ ಒಳಗೆ. ಚರ್ಮದ ಕೆಳಗೆ ತೆಳ್ಳಗೆ ಒಂದು ಪದರ ಬಂದಿದೆ ಅಂದರೆ ಅದರ ಹಿಂದಿನ ಕೆಲಸವೆಲ್ಲ ಮುಗಿದಿದೆ, ಮಾಂಸ ತುಂಬಿಕೊಂಡಿದೆ ಅಂತ ಅರ್ಥ. ಬೆನ್ನು ಅಮುಕುವವರು ಓದುವುದು ಇದನ್ನೇ.

ಎಲ್ಲ ಮರಿಗಳೂ ಈ ಹಂತಕ್ಕೆ ಒಂದೇ ತೂಕದಲ್ಲಿ ಬರುವುದಿಲ್ಲ. ದೊಡ್ಡದಾಗಿ ಬೆಳೆಯುವ ತಾಯಿ-ಟಗರಿನ ಮರಿ 33 ಕೆಜಿ ಇದ್ದಾಗಲೂ ಎಲುಬು, ಮಾಂಸ ಕಟ್ಟುವುದರಲ್ಲೇ ಇರುತ್ತೆ. ಚಿಕ್ಕ ಜಾತಿಯ ಹೆಣ್ಣುಮರಿ 27ಕ್ಕೇ ನೆಣ ಹಾಕೋಕೆ ಶುರು ಮಾಡಿರುತ್ತೆ. ಗಂಡು-ಹೆಣ್ಣಿನ ವ್ಯತ್ಯಾಸವೂ ಸಣ್ಣದಲ್ಲ. ಒಂದೇ ತಂದೆತಾಯಿಯ ಮರಿಗಳಲ್ಲಿ ಹೆಣ್ಣು ಎಲ್ಲಕ್ಕಿಂತ ಕಡಿಮೆ ತೂಕಕ್ಕೆ ಹದಕ್ಕೆ ಬರುತ್ತೆ, ಬೀಜ ಒಡೆಸಿದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ ತೂಕಕ್ಕೆ, ಬೀಜ ಇರುವ ಟಗರುಮರಿ ಎಲ್ಲಕ್ಕಿಂತ ಕೊನೆಗೆ. ನಿಮ್ಮ ಎಂಟರಲ್ಲಿ ಈ ಮೂರೂ ಬಗೆ ಇವೆ. ಹಾಗಿರುವಾಗ ಎಲ್ಲಕ್ಕೂ ಸೇರಿಸಿ ಒಂದು ತೂಕ ಹೇಳಿ ಅಂದರೆ ಯಾರು ಹೇಳಿದರೂ ಅದು ಸುಳ್ಳೇ.

ಈಗ ಮುಟ್ಟಿ ನೋಡುವ ವಿಷಯ. ಮರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಒಂದು ಕೈ ದವಡೆಯ ಕೆಳಗಿರಲಿ, ತಲೆ ಸ್ವಲ್ಪ ಎತ್ತಿ ಹಿಡಿದರೆ ಸುಮ್ಮನೆ ನಿಲ್ಲುತ್ತೆ. ಉಣ್ಣೆ ಹಿಡಿದು ಎಳೆಯಬೇಡಿ. ಎಳೆದ ಜಾಗದಲ್ಲಿ ಚರ್ಮದ ಕೆಳಗೆ ರಕ್ತ ಕಟ್ಟುತ್ತೆ, ಅಲ್ಲಿಯ ಮಾಂಸ ಆಮೇಲೆ ಕೆತ್ತಿ ಬಿಸಾಡಬೇಕಾಗುತ್ತೆ. ಮರಿ ಬೆದರಿ ಬೆನ್ನು ಬಿಗಿ ಹಿಡಿದಿದ್ದರೆ ಎರಡು ನಿಮಿಷ ಕಾಯಿರಿ, ಬಿಗಿದ ಬೆನ್ನಿನ ಮೇಲೆ ಕೈ ಇಟ್ಟರೆ ಇಲ್ಲದ ಮಾಂಸ ಇದ್ದ ಹಾಗೆ ಅನಿಸುತ್ತೆ.

ಕೊನೆಯ ಪಕ್ಕೆಲುಬು ಎಲ್ಲಿದೆ ಅಂತ ಬೆರಳಲ್ಲಿ ಹುಡುಕಿ. ಅದರ ಹಿಂದೆ, ಸೊಂಟದ ಮೂಳೆಗಿಂತ ಮುಂದೆ, ಒಂದು ಅಂಗೈ ಅಗಲದ ಜಾಗ ಸಿಗುತ್ತೆ. ಪಕ್ಕೆಲುಬಿನ ಆಸರೆ ಅಲ್ಲಿಲ್ಲ, ಇರುವುದು ಬೆನ್ನುಮೂಳೆ ಮತ್ತು ಅದರಿಂದ ಎರಡೂ ಪಕ್ಕಕ್ಕೆ ಚಾಚಿದ ಅಡ್ಡಮೂಳೆಗಳು ಮಾತ್ರ. ಅಂಗೈ ಅದರ ಮೇಲೆ ಅಗಲವಾಗಿ ಇಡಿ, ಹೆಬ್ಬೆರಳು ಬೆನ್ನುಮೂಳೆಯ ಮೇಲೆ, ಉಳಿದ ಬೆರಳುಗಳ ತುದಿ ಪಕ್ಕದ ಅಡ್ಡಮೂಳೆಗಳ ತುದಿಗೆ. ಮೂರು ವಿಷಯ ಗಮನಿಸಬೇಕು: ಹೆಬ್ಬೆರಳಿಗೆ ಬೆನ್ನುಮೂಳೆಯ ಗಂಟುಗಳು ಎಷ್ಟು ಚೂಪಾಗಿ ಸಿಗುತ್ತವೆ, ಬೆರಳ ತುದಿಗೆ ಅಡ್ಡಮೂಳೆಗಳು ಬಿಡಿಬಿಡಿಯಾಗಿ ಎಣಿಸೋಕೆ ಬರುತ್ತವಾ, ಇವೆರಡರ ನಡುವಿನ ಜಾಗ ತಗ್ಗಾಗಿದೆಯಾ ತುಂಬಿದೆಯಾ. ನಡುವೆ ಇರುವುದೇ ಬೆನ್ನಿನ ಮುಖ್ಯ ಮಾಂಸ. ಅದು ಒಳಗೆ ಕುಸಿದಿದ್ದರೆ ಬೇರೆ ಏನೂ ನೋಡುವುದೇ ಬೇಡ, ಮರಿ ಬಡಕಲು.

ಇದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೆ. ಒಂದು ಅಂದರೆ ಮೂಳೆಗಳು ಮುಟ್ಟಿದ ಕೂಡಲೇ ಚೂಪಾಗಿ ಚುಚ್ಚುತ್ತವೆ, ಬೆರಳ ತುದಿ ಅಡ್ಡಮೂಳೆಯ ಕೆಳಕ್ಕೆ ಸಲೀಸಾಗಿ ಹೋಗುತ್ತೆ. ಎರಡು ಅಂದರೆ ಮೂಳೆ ಈಗಲೂ ಎದ್ದು ಸಿಗುತ್ತೆ, ಆದರೆ ಚೂಪು ಹೋಗಿದೆ, ತುದಿ ಸ್ವಲ್ಪ ನಯವಾಗಿದೆ, ಮಾಂಸ ತುಂಬಿದೆ, ನೆಣ ಮಾತ್ರ ತೀರಾ ತೆಳುವು. ಮೂರು ಅಂದರೆ ಮೇಲೆ ಸುಮ್ನೆ ಕೈಯಾಡಿಸಿದರೆ ಮೂಳೆ ಗೊತ್ತಾಗಲ್ಲ, ಸ್ವಲ್ಪ ಒತ್ತಿದರೆ ಒಂದೊಂದೂ ದುಂಡಗೆ ಸಿಗುತ್ತೆ. ನಾಲ್ಕು ಅಂದರೆ ಗಟ್ಟಿಯಾಗಿ ಒತ್ತಿದರೂ ಬಿಡಿಮೂಳೆ ಸಿಗಲ್ಲ, ಕೆಳಗೆಲ್ಲೋ ಏರಿಳಿತ ಇದೆ ಅಂತ ಅನಿಸುತ್ತೆ ಅಷ್ಟೇ. ಐದು ಅಂದರೆ ಎಷ್ಟು ಒತ್ತಿದರೂ ಮೂಳೆಯ ಸುದ್ದಿಯೇ ಇಲ್ಲ, ಬೆನ್ನುಮೂಳೆ ಇರಬೇಕಾದ ಕಡೆ ಉದ್ದಕ್ಕೆ ಒಂದು ತಗ್ಗು ಬಿದ್ದಿರುತ್ತೆ. ಬಹಳಷ್ಟು ಜನರಿಗೆ ಬೇಕಾಗಿರುವುದು ಎರಡೂವರೆಯಿಂದ ಮೂರೂವರೆ ಒಳಗೆ. ನಾನಾದರೆ ಮೂರು ಮುಟ್ಟಿದ ಕೂಡಲೇ ಆಯ್ತು ಅಂತೀನಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲ ಸಲ ನೋಡುವವರಿಗೆ ಈ ಎರಡು, ಮೂರು, ನಾಲ್ಕು ಎಲ್ಲ ಒಂದೇ ಥರ ಅನಿಸುತ್ತೆ. ಅದಕ್ಕೆ ನಿಮ್ಮ ಕೈಯಲ್ಲೇ ಒಂದು ಅಳತೆ ಇದೆ. ಎಡಗೈ ಮುಷ್ಟಿ ಮಾಡಿ, ಬೆರಳ ಗೆಣ್ಣುಗಳ ಮೇಲೆ ಬಲಗೈ ಬೆರಳು ಓಡಿಸಿ. ಉಬ್ಬು ತಗ್ಗು ಬಿಡಿಬಿಡಿಯಾಗಿ ಸಿಗುತ್ತೆ ಅಲ್ವಾ, ಅದು ಬಡಕಲು ಮರಿಯ ಬೆನ್ನು. ಮುಷ್ಟಿ ಬಿಚ್ಚಿ ಕೈ ಚಾಚಿ ಹಿಡಿದು ಅದೇ ಗೆಣ್ಣುಗಳ ಮೇಲೆ ಬೆರಳು ಓಡಿಸಿ. ಮೂಳೆ ಇದೆ, ಮೇಲೆ ಒಂದು ಹೊದಿಕೆಯೂ ಇದೆ, ಸ್ವಲ್ಪ ಒತ್ತಿದರೆ ಸಿಗುತ್ತೆ. ಅದು ಹದ. ಈಗ ಅಂಗೈ ತಿರುಗಿಸಿ ಹೆಬ್ಬೆರಳ ಬುಡದ ದಪ್ಪ ಭಾಗ ಒತ್ತಿ ನೋಡಿ, ಅದು ಹದ ಮೀರಿದ ಮರಿ. ಒಂದು ಕೈ ನಿಮ್ಮ ಗೆಣ್ಣಿನ ಮೇಲೆ, ಇನ್ನೊಂದು ಮರಿಯ ಮೇಲೆ, ಹೀಗೆ ಹೋಲಿಸುತ್ತಾ ಹೋದರೆ ಎಂಟನೆಯ ಮರಿಗೆ ಬರುವಷ್ಟರಲ್ಲಿ ಕೈಗೆ ತಾನಾಗೇ ತಿಳಿಯುತ್ತೆ.

ಬೆನ್ನೊಂದೇ ನೋಡಿ ಬಿಡಬೇಡಿ, ಬಾಲದ ಬುಡವನ್ನೂ ಹಿಡಿದು ನೋಡಿ. ಅಲ್ಲಿ ಮಾಂಸ ಬಹಳ ಕಮ್ಮಿ, ಸಿಗುವುದು ಮೂಳೆ ಮತ್ತು ನೆಣ ಎರಡೇ. ಹಾಗಾಗಿ ಬೆನ್ನಿನಲ್ಲಿ ಮಾಂಸವೋ ನೆಣವೋ ಅನ್ನುವ ಗೊಂದಲ ಅಲ್ಲಿ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಬುಡ ಹಿಡಿದು ಹಗುರಾಗಿ ಒತ್ತಿದಾಗ ಬಾಲದ ಮೂಳೆಗಳು ಬಿಡಿಬಿಡಿಯಾಗಿ ಸಿಕ್ಕರೂ ಅವುಗಳ ಪಕ್ಕದಲ್ಲಿ ಮೆತ್ತಗೆ ಏನೋ ತುಂಬಿಕೊಂಡ ಹಾಗಿದ್ದರೆ ಸರಿಯಾಗಿದೆ. ಚರ್ಮ, ಮೂಳೆ ಎರಡೇ ಸಿಕ್ಕರೆ ಆಗಿಲ್ಲ. ಮೂಳೆ ಹುಡುಕಬೇಕಾಗಿ ಬಂದರೆ ಜಾಸ್ತಿ ಆಗಿದೆ. ಪಕ್ಕೆಲುಬಿನ ಮೇಲೂ ಬೆರಳು ಚಪ್ಪಟೆಯಾಗಿಟ್ಟು ಒಂದು ಸಲ ಎಳೆಯಿರಿ. ಎದೆಯ ಕೆಳಗಿನ ನೆಣವನ್ನು ನಂಬಬೇಡಿ, ಅಲ್ಲಿ ಬೇಗ ಕೂರುತ್ತೆ, ಹೆಚ್ಚು ಕಮ್ಮಿ ಎಲ್ಲ ಮರಿಯಲ್ಲೂ ಇರುತ್ತೆ.

ಒಂದು ಎಚ್ಚರಿಕೆ. ಈ ಲೆಕ್ಕ ಎಲ್ಲ ಜಾತಿಗೂ ಒಂದೇ ಅಳತೆಗೆ ಹೊಂದಲ್ಲ. ಬಾಲದಲ್ಲೇ ಕೊಬ್ಬು ಶೇಖರಿಸುವ ದಪ್ಪಬಾಲದ ಕುರಿಗಳಿಗೆ ಬಾಲದ ಬುಡ ಹಿಡಿದು ನೋಡಿ ಪ್ರಯೋಜನ ಇಲ್ಲ, ಬೆನ್ನೊಂದೇ ಗತಿ, ಅದರ ಬೆನ್ನೂ ಬೇರೆಯವಕ್ಕಿಂತ ತೆಳ್ಳಗಿರುತ್ತೆ. ಉಣ್ಣೆಯಿಲ್ಲದ, ಬರೀ ಕೂದಲಿರುವ ಜಾತಿಗಳು ನೆಣವನ್ನು ಚರ್ಮದ ಕೆಳಗಿಗಿಂತ ಹೊಟ್ಟೆಯೊಳಗೆ, ಕಿಡ್ನಿ ಸುತ್ತ ಜಾಸ್ತಿ ಇಟ್ಟುಕೊಳ್ಳುತ್ತವೆ. ಅಂಥ ಮರಿಯ ಬೆನ್ನು ಎರಡು, ಎರಡೂವರೆ ಅನಿಸಿದಾಗಲೇ ಒಳಗೆ ಸಾಕಷ್ಟು ಕೂತಿರುತ್ತೆ. ಮೂರೂವರೆ ಆಗಲಿ ಅಂತ ಕಾಯ್ತಾ ಕೂತರೆ ಒಳಗಿನಿಂದ ಬಕೆಟ್ ತುಂಬ ನೆಣ ತೆಗೆದು ಎಸೆಯೋ ಹಾಗಾಗುತ್ತೆ.

ಕಣ್ಣನ್ನು ಯಾಕೆ ನಂಬಬಾರದು ಅಂತ ಕೇಳಬಹುದು. ಉಣ್ಣೆ ಬೆಳೆದ ಮರಿ ಎರಡು ಅಂಕ ಜಾಸ್ತಿ ಇದ್ದ ಹಾಗೆ ಕಾಣುತ್ತೆ, ಕತ್ತರಿಸಿದ ಮರುದಿನ ಅದೇ ಮರಿ ಪಾಪ ಅನ್ನೋ ಹಾಗಿರುತ್ತೆ. ಗುಂಡಗೆ ಕಾಣುವ ಹೊಟ್ಟೆಯೂ ಅಷ್ಟೇ. ಹಸಿಹುಲ್ಲು ತಿಂದು ಬಂದ ಮರಿಯ ಹೊಟ್ಟೆ ಡೊಳ್ಳು ಆಗಿರುತ್ತೆ, ಜಂತುಹುಳು ತುಂಬಿದ ಮರಿಯ ಹೊಟ್ಟೆಯೂ ಡೊಳ್ಳಾಗೇ ಇರುತ್ತೆ. ಒಂದು ಮಾತ್ರ ಕಣ್ಣಿಗೆ ಬಿಟ್ಟ ಕೆಲಸ ಇದೆ, ಅದು ಹಿಂದಿನಿಂದ ನೋಡುವುದು. ಹಿಂದೆ ನಿಂತು ತೊಡೆಗಳ ನಡುವೆ ನೋಡಿದರೆ ಒಳತೊಡೆ ತುಂಬಿ ಕೆಳಗಿನವರೆಗೆ ಬಂದಿದೆಯಾ, ಇಲ್ಲ ಮೇಲೆಯೇ ಕವಲೊಡೆದು ಕಾಲು ಕಡ್ಡಿಯ ಹಾಗೆ ಇಳಿದಿದೆಯಾ ಅಂತ ಗೊತ್ತಾಗುತ್ತೆ. ಇದು ಮರಿಯ ಮೈಕಟ್ಟು, ಬಹುಪಾಲು ಹುಟ್ಟಿನಿಂದ ಬಂದದ್ದು. ಮೈಕಟ್ಟು ಬೇರೆ, ನೆಣ ಬೇರೆ. ಯುರೋಪಿನಲ್ಲಿ ಕಡಿದ ಮೇಲೆ ದರ್ಜೆ ಕೊಡುವಾಗಲೂ ಮೈಕಟ್ಟಿಗೆ ಒಂದು ಅಕ್ಷರ, ನೆಣಕ್ಕೆ ಒಂದು ಅಂಕಿ, ಬೇರೆಬೇರೆಯಾಗೇ ಬರೆಯುತ್ತಾರೆ. ಕಾಲು ಸಣ್ಣ ಇರುವ ಮರಿಯನ್ನು ಇನ್ನೊಂದು ತಿಂಗಳು ಇಟ್ಟುಕೊಂಡರೆ ತೊಡೆ ತುಂಬುತ್ತೆ ಅಂತ ಕಾಯುವವರಿದ್ದಾರೆ. ತುಂಬಲ್ಲ, ನೆಣ ಬರುತ್ತೆ.

ಸರಿ, ತೂಕ. ತೂಕ ಎಲ್ಲಿ ಉಪಯೋಗ ಅಂದರೆ, ಮರಿಯ ತಾಯಿ ಮತ್ತು ಟಗರು ಪೂರ್ತಿ ಬೆಳೆದಾಗ ಎಷ್ಟು ತೂಗುತ್ತವೆ ಅಂತ ಗೊತ್ತಿದ್ದರೆ ಮರಿ ಎಲ್ಲಿಗೆ ಹದಕ್ಕೆ ಬರಬಹುದು ಅಂತ ಅಂದಾಜು ಕಟ್ಟಬಹುದು. ಇಬ್ಬರ ತೂಕ ಕೂಡಿಸಿ ಅರ್ಧ ಮಾಡಿ, ಬಂದದ್ದರಲ್ಲಿ ಮತ್ತೆ ಅರ್ಧದ ಆಸುಪಾಸು ನೋಡಿ. ತಾಯಿ 45 ಕೆಜಿ, ಟಗರು 65 ಅಂದುಕೊಳ್ಳಿ. ಸರಾಸರಿ 55. ಅದರ ಅರ್ಧ 27 ಚಿಲ್ಲರೆ. ಅಲ್ಲಿಂದ ಮುಟ್ಟಿ ನೋಡೋಕೆ ಶುರು. ಹೆಣ್ಣುಮರಿ ಅಲ್ಲೇ ಹತ್ತಿರದಲ್ಲಿ ಹದಕ್ಕೆ ಬರಬಹುದು, ಬೀಜ ಇರುವ ಟಗರುಮರಿ 33, 35 ಮುಟ್ಟುವವರೆಗೂ ತೆಳ್ಳಗೇ ಇರಬಹುದು. ನಿಮ್ಮ 27 ಮತ್ತು 33ರ ಒಗಟು ಬಹುಶಃ ಇಲ್ಲೇ ಬಿಡುತ್ತೆ. ತಾಯಿಯ ತೂಕ ಹಿಡಿಯುವಾಗ ಗಬ್ಬ ಇದ್ದಾಗಿನದ್ದೋ, ಹಾಲೂಡಿಸಿ ಸೊರಗಿದಾಗಿನದ್ದೋ ಬೇಡ, ಮಾಮೂಲಿ ಮೈಯಲ್ಲಿರುವಾಗಿನದ್ದು ಹಿಡಿಯಿರಿ.

ತೂಕದ ಯಂತ್ರ ಸುಳ್ಳು ಹೇಳಲ್ಲ, ಆದರೆ ನಾವು ಅದರ ಮೇಲೆ ಏನು ನಿಲ್ಲಿಸ್ತೀವಿ ಅನ್ನೋದು ಮುಖ್ಯ. ಹೊಟ್ಟೆಯಲ್ಲಿರುವ ಮೇವು, ನೀರು ಮರಿಯ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇರಬಹುದು. ಸಂಜೆ ಮೇದು ಬಂದಾಗ 30 ಇದ್ದ ಮರಿ ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 28 ತೂಗಿದರೆ ಗಾಬರಿ ಬೇಡ. ಉಣ್ಣೆ ನೆನೆದಿದ್ದರೆ ಅದೊಂದು ಕೆಜಿ ಬೇರೆ. ಆದ್ದರಿಂದ ಯಾವಾಗಲೂ ಒಂದೇ ಹೊತ್ತಿಗೆ ತೂಗಿ, ಬೆಳಿಗ್ಗೆ ಮೇಯೋಕೆ ಬಿಡುವ ಮೊದಲಾದರೆ ಒಳ್ಳೆಯದು, ಒಣಗಿದ ಮೈಯಲ್ಲಿ. ಇನ್ನೊಂದು, ಜೀವಂತ ತೂಕದಲ್ಲಿ ತಲೆ, ಚರ್ಮ, ಕಾಲು, ಕರುಳು ಎಲ್ಲ ತೆಗೆದ ಮೇಲೆ ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ 40ರಿಂದ 50ರ ಒಳಗೆ. ಬರೀ ಹುಲ್ಲಿನ ಮೇಲಿರುವ ಮರಿ ಕೆಳಗಿನ ತುದಿಗೆ ಹತ್ತಿರ, ಹಾಲು ಕುಡಿಯುತ್ತಿರುವ ಎಳೆಮರಿ ಮೇಲಿನ ತುದಿಗೆ ಹತ್ತಿರ. 30 ಕೆಜಿ ಮರಿಯಿಂದ 13 ಕೆಜಿ ಸಿಕ್ಕಿತು ಅಂದರೆ ಯಾರೂ ಮೋಸ ಮಾಡಿಲ್ಲ. ಹದಕ್ಕೆ ಬಂದ ಮರಿಯಲ್ಲಿ ಈ ಪಾಲು ಸ್ವಲ್ಪ ಏರುತ್ತೆ, ಬಡಕಲಲ್ಲಿ ಇಳಿಯುತ್ತೆ, ಯಾಕೆಂದರೆ ಬಡಕಲಾದರೂ ಹೊಟ್ಟೆ, ಕರುಳು, ತಲೆ ಅಷ್ಟೇ ದೊಡ್ಡವು.

ವಯಸ್ಸಿನ ಬಗ್ಗೆ ಹೆಚ್ಚು ಹೇಳೋಕಿಲ್ಲ. ಚೆನ್ನಾಗಿ ಹಾಲು ಕುಡಿದ ಒಂಟಿ ಮರಿ ಮೂರೂವರೆ, ನಾಲ್ಕು ತಿಂಗಳಿಗೇ ಆಗಬಹುದು, ಅವಳಿಯಲ್ಲಿ ಒಂದು ಎಂಟು ತಿಂಗಳು ತೆಗೆದುಕೊಳ್ಳಬಹುದು. ವಯಸ್ಸು ಹೇಳುವುದು ಮೇಲಿನ ಮಿತಿ ಮಾತ್ರ. ಹುಟ್ಟಿದ ತಾರೀಕು ಗೊತ್ತಿಲ್ಲದಿದ್ದರೆ ಬಾಯಿ ಬಿಡಿಸಿ ನೋಡಿ. ಕೆಳದವಡೆಯ ಮುಂದೆ ಎಂಟು ಹಾಲುಹಲ್ಲು, ಸಣ್ಣವು. ಒಂದು ವರ್ಷದಿಂದ ಒಂದೂವರೆ ವರ್ಷದ ಒಳಗೆ ನಡುವಿನ ಎರಡು ಬಿದ್ದು ಅಗಲದ ಹೊಸ ಹಲ್ಲು ಬರುತ್ತವೆ. ಎರಡು ಹಲ್ಲು ಆದ ಮೇಲೆ ಅದನ್ನು ಮರಿ ಅನ್ನಲ್ಲ. ಆಸ್ಟ್ರೇಲಿಯಾದಲ್ಲಂತೂ ಹಲ್ಲು ಹೊರಗೆ ಕಂಡರೆ ಸಾಕು ಮರಿ ಅಲ್ಲ ಅಂತಿದ್ದ ನಿಯಮವನ್ನು 2019ರ ಜುಲೈನಲ್ಲಿ ಸಡಿಲಿಸಿ, ಹಲ್ಲು ಪೂರ್ತಿ ಬಂದು ಕಚ್ಚುವ ಮಟ್ಟಕ್ಕೆ ಏರುವವರೆಗೂ ಮರಿಯೇ ಅಂತ ಮಾಡಿದರು. ಸಾಕುವವರಿಗೆ ಕೆಲವು ವಾರ ಹೆಚ್ಚಿಗೆ ಸಿಕ್ಕಿತು. ನಿಮ್ಮವು ಐದು ತಿಂಗಳವು, ಈ ಚಿಂತೆ ನಿಮಗೆ ಇನ್ನೂ ದೂರ.

ಟಗರುಮರಿಗಳ ವಿಷಯದಲ್ಲಿ ಮಾತ್ರ ವಯಸ್ಸು ಬೇರೆ ರೀತಿ ಕಾಡುತ್ತೆ. ಐದಾರು ತಿಂಗಳಿಗೆ ಅವು ಬೆದೆಯ ವಾಸನೆ ಹಿಡಿಯೋಕೆ ಶುರು ಮಾಡುತ್ತವೆ. ಹೆಣ್ಣುಮರಿಗಳ ಜೊತೆ ಒಂದೇ ದೊಡ್ಡಿಯಲ್ಲಿದ್ದರೆ ದಿನವಿಡೀ ಅವುಗಳ ಹಿಂದೆ ಓಡಿ, ಗುದ್ದಾಡಿ, ಮೇಯುವುದನ್ನೇ ಬಿಡುತ್ತವೆ, ಬೆನ್ನು ಏರುವ ಬದಲು ಇಳಿಯುತ್ತೆ. ಹೆಣ್ಣುಮರಿ ಗಬ್ಬವಾದರೆ ಇನ್ನೊಂದು ತಲೆನೋವು. ವಯಸ್ಸಾದಷ್ಟೂ ಟಗರಿನ ಕೊಬ್ಬಿಗೆ ಕೆಲವರು ಇಷ್ಟಪಡದ ಒಂದು ಘಾಟು ಬರುತ್ತೆ, ಆ ವಾಸನೆ ಇರುವುದು ಮಾಂಸದಲ್ಲಿ ಅಲ್ಲ, ನೆಣದಲ್ಲಿ. ಹಾಗಾಗಿ ಇವತ್ತೇ ಆ ಎರಡನ್ನೂ ಬೇರೆ ಮಾಡಿ. ಟಗರುಮರಿ ಮೂರು ಅಂಕ ಮುಟ್ಟಲಿ ಅಂತ ಹಠ ಹಿಡಿಯುವುದೂ ಬೇಡ, ಎರಡೂವರೆಗೆ ಮಾಂಸ ತುಂಬಿದ್ದರೆ ಸಾಕು.

ಮೂರಕ್ಕೇ ನಿಲ್ಲಿಸಿ ಅಂತ ಯಾಕೆ ಹೇಳಿದೆ ಅಂದರೆ, ಅಲ್ಲಿಂದ ಮುಂದೆ ಮೇವು ದಂಡ. ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಒಂದು ಕೆಜಿ ಮಾಂಸ ಕಟ್ಟೋಕೆ ಮರಿಗೆ ಅಷ್ಟೊಂದು ಮೇವು ಬೇಡ. ನೆಣದಲ್ಲಿ ನೀರು ಬಹಳ ಕಮ್ಮಿ, ಒಂದು ಕೆಜಿ ನೆಣ ಕಟ್ಟೋಕೆ ಅದರ ಹಲವು ಪಟ್ಟು ಶಕ್ತಿ ಬೇಕು. ಮರಿ ಮೊದಲಿನಷ್ಟೇ ತಿನ್ನುತ್ತೆ, ತೂಕ ಏರುವುದು ನಿಧಾನವಾಗುತ್ತೆ, ಏರಿದ್ದೂ ಕತ್ತರಿಸಿ ಎಸೆಯುವ ನೆಣ. ಹಾಗಂತ ಎರಡಕ್ಕಿಂತ ಕೆಳಗೆ ಕಡಿಯುವುದೂ ತಪ್ಪೇ. ನೆಣದ ಹೊದಿಕೆ ಇಲ್ಲದ ಮೈ ಬೇಗ ಒಣಗುತ್ತೆ. ಫ್ರಿಜ್ಜಿನ ಕೋಣೆಗೆ ಹಾಕಿದರೆ ಬಲು ಬೇಗ ತಣ್ಣಗಾಗುತ್ತೆ. ಕಡಿದ ಮಾಂಸ ಇನ್ನೂ ಸೆಡೆತುಕೊಳ್ಳುವ ಮೊದಲೇ 10 ಡಿಗ್ರಿಗಿಂತ ಕೆಳಗಿಳಿದರೆ ಎಳೆಗಳು ಬಿಗಿದುಕೊಂಡು ಮಾಂಸ ನಾರುನಾರಾಗುತ್ತೆ, ಆಮೇಲೆ ಎಷ್ಟು ಬೇಯಿಸಿದರೂ ಅಷ್ಟಕ್ಕಷ್ಟೇ. ಎಳೆಮರಿಯ ಮಾಂಸ ಯಾಕೆ ಗಟ್ಟಿ ಬಂತು ಅಂತ ತಲೆ ಕೆಡಿಸಿಕೊಳ್ಳುವವರಲ್ಲಿ ಕೆಲವರಿಗೆ ಉತ್ತರ ಇದೇ.

ಈಗ ಉಳಿದ ಐದರ ಕತೆ. ಎರಡು ವಾರಕ್ಕೊಮ್ಮೆ ತೂಗಿ, ಮುಟ್ಟಿ, ಒಂದು ಪುಸ್ತಕದಲ್ಲಿ ಕಿವಿಯ ನಂಬರ್ ಮುಂದೆ ತೂಕ, ಅಂಕ ಎರಡನ್ನೂ ಬರೆದಿಡಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಾತ್ರ ಕತೆ ತಿಳಿಯುತ್ತೆ. ತೂಕ ದಿನಕ್ಕೆ 200 ಗ್ರಾಂ ಏರುತ್ತಿದ್ದು ಬೆನ್ನು ಇನ್ನೂ ಎರಡರಲ್ಲಿದ್ದರೆ ಮರಿ ಬೆಳೆಯುತ್ತಿದೆ, ತಂಟೆಗೆ ಹೋಗಬೇಡಿ. ತೂಕ ನಿಧಾನವಾಗಿ ಬೆನ್ನು ಮೂರಾಗಿದ್ದರೆ ಮುಗೀತು, ಕಡಿಯಬಹುದು. ತೂಕವೂ ನಿಂತಿದೆ, ಬೆನ್ನೂ ತೆಳ್ಳಗಿದೆ ಅಂದರೆ ಅದು ಹದದ ಪ್ರಶ್ನೆಯೇ ಅಲ್ಲ, ಮರಿಗೆ ಏನೋ ಆಗಿದೆ. ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ಇರಬಹುದು. ದವಡೆಯ ಕೆಳಗೆ ನೀರು ತುಂಬಿದ ಚೀಲದ ಥರ ಊತ ಬಂದಿದ್ದರೂ ಅದೇ ಅನುಮಾನ. ಹಿಂಭಾಗ ಗಲೀಜಾಗಿದೆಯಾ, ಕುಂಟುತ್ತಿದೆಯಾ, ಕೆಮ್ಮುತ್ತಿದೆಯಾ ನೋಡಿ, ಪಶುವೈದ್ಯರಿಗೆ ತೋರಿಸಿ. ತೆಳ್ಳಗಿದೆ ಅಂತ ಸುಮ್ನೆ ಕಾಳು ಸುರಿಯುತ್ತಾ ಹೋದರೆ ಹುಳಕ್ಕೆ ಸಾಕಿದ ಹಾಗೆ.

ಚೆನ್ನಾಗಿರುವ ಮರಿಗೆ ಕೊನೆಯ ನಾಲ್ಕಾರು ವಾರ ಕಾಳು, ಹಿಂಡಿ ಕೊಟ್ಟು ಹದಕ್ಕೆ ತರುವುದು ಒಳ್ಳೆಯ ಉಪಾಯವೇ. ಆದರೆ ಒಂದೇ ದಿನದಲ್ಲಿ ಬುಟ್ಟಿ ತುಂಬ ಇಟ್ಟರೆ ಹೊಟ್ಟೆಯಲ್ಲಿ ಹುಳಿ ಎದ್ದು ಮರಿ ಮಲಗಿಬಿಡುತ್ತೆ. ಒಂದು ಹಿಡಿಯಿಂದ ಶುರು ಮಾಡಿ ಎರಡು ವಾರದಲ್ಲಿ ಏರಿಸಿ, ಒಣಮೇವು ತಪ್ಪಿಸಬೇಡಿ. ಕರುಳುಬೇನೆಯ ಲಸಿಕೆ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಆ ರೋಗ ಹುಡುಕಿ ಹುಡುಕಿ ಕೊಲ್ಲುವುದು ಗುಂಪಿನಲ್ಲಿ ಚೆನ್ನಾಗಿ ತಿಂದು ದುಂಡಗಾದ ಮರಿಯನ್ನೇ. ಸಂಜೆ ಸರಿಯಾಗಿದ್ದದ್ದು ಬೆಳಿಗ್ಗೆ ಸತ್ತುಬಿದ್ದಿರುತ್ತೆ.

ಆಗಿದೆ ಅಂತ ತೀರ್ಮಾನಿಸಿದ ಮೂರನ್ನೂ ಕೊಡುವ ಮೊದಲು ಪುಸ್ತಕದಲ್ಲಿ ಇನ್ನೊಂದು ವಿಷಯ ನೋಡಬೇಕು. ಜಂತುನಾಶಕ, ಇಂಜೆಕ್ಷನ್, ಮೈಗೆ ಹಚ್ಚಿದ ಉಣ್ಣಿಯ ಔಷಧಿ, ಇವನ್ನು ಯಾವತ್ತು ಕೊಟ್ಟಿದ್ದು? ಪ್ರತಿ ಔಷಧಿಯ ಬಾಟಲಿಯ ಮೇಲೂ ಕೊಟ್ಟ ಮೇಲೆ ಎಷ್ಟು ದಿನದವರೆಗೆ ಮಾಂಸ ತಿನ್ನಬಾರದು ಅಂತ ಬರೆದಿರುತ್ತೆ, ಒಂದೊಂದಕ್ಕೂ ಬೇರೆ ಬೇರೆ. ಮರಿ ಎಷ್ಟೇ ಹದವಾಗಿರಲಿ, ಆ ದಿನ ಮುಗಿಯದೆ ಅದು ಆಗಿಲ್ಲ. ಇದರಲ್ಲಿ ಹೆಚ್ಚುಕಮ್ಮಿ ಮಾತೇ ಇಲ್ಲ. ಜ್ವರ ಇರುವ, ಔಷಧಿಯಲ್ಲಿರುವ ಮರಿಯನ್ನು ಸಾಯುವ ಮೊದಲು ಕಡಿದುಬಿಡೋಣ ಅನ್ನುವುದಂತೂ ಬೇಡವೇ ಬೇಡ.

ಹಿಂದಿನ ದಿನ ಮೇವು ನಿಲ್ಲಿಸಿ, 12 ಗಂಟೆ ಸಾಕು, ನೀರು ಮಾತ್ರ ಕೊನೆಯವರೆಗೂ ಮುಂದಿರಲಿ. ಹೊಟ್ಟೆ ಖಾಲಿಯಿದ್ದರೆ ಕೆಲಸ ಶುಚಿಯಾಗಿ ಆಗುತ್ತೆ. ಒಂಟಿಯಾಗಿ ಕಟ್ಟಬೇಡಿ, ಜೊತೆಗೆ ಇನ್ನೊಂದು ಇರಲಿ. ಅಟ್ಟಾಡಿಸಿ ಹಿಡಿದರೆ, ನಾಯಿ ಬಿಟ್ಟು ಓಡಿಸಿದರೆ ಮಾಂಸಖಂಡದಲ್ಲಿರುವ ಸಕ್ಕರೆಯಂಥ ಇಂಧನ ಖರ್ಚಾಗಿಬಿಡುತ್ತೆ. ಆ ಇಂಧನ ಕಡಿದ ಮೇಲೆ ಹುಳಿಯಾಗಿ ಬದಲಾಗಬೇಕು. ಆಗ ಮಾಂಸದ ಪಿಎಚ್ (ಹುಳಿ ಅಳೆಯುವ ಅಂಕಿ, ಹುಳಿ ಏರಿದಷ್ಟೂ ಇದು ಇಳಿಯುತ್ತೆ) 5.5ರ ಆಸುಪಾಸಿಗೆ ಇಳಿದು ಬಣ್ಣ, ರುಚಿ, ಬಾಳಿಕೆ ಎಲ್ಲ ಸರಿ ಬರುತ್ತೆ. ಇಳಿಯದೆ ಆರರ ಹತ್ತಿರ ನಿಂತರೆ ಮಾಂಸ ಕಪ್ಪಗೆ, ಅಂಟಂಟಾಗಿ ಇರುತ್ತೆ, ಬೇಗ ಕೆಡುತ್ತೆ. ತಿಂಗಳುಗಟ್ಟಲೆ ಸಾಕಿದ್ದು ಕೊನೆಯ ಅರ್ಧ ಗಂಟೆಯ ಓಡಾಟದಲ್ಲಿ ಹಾಳಾಗಬೇಕಾ?

ಕಡಿಯುವ ದಿನ ಸಾಧ್ಯವಾದರೆ ನೀವೂ ಅಲ್ಲಿರಿ. ಬೆಳಿಗ್ಗೆ ಮರಿಯ ಬೆನ್ನು ಮುಟ್ಟಿ ನಿಮ್ಮ ಅಂಕ ಬರೆದುಕೊಳ್ಳಿ, ಚರ್ಮ ಬಿಡಿಸಿದ ಮೇಲೆ ಹೋಲಿಸಿ ನೋಡಿ. ಕಡೆಯಿಂದ ಎರಡನೆಯ ಪಕ್ಕೆಲುಬು, ಅಂದರೆ 12ನೆಯದು, ಅದರ ಮೇಲೆ ಬೆನ್ನಿನ ನಡುಗೆರೆಯಿಂದ 11 ಸೆಂಟಿಮೀಟರ್ ಪಕ್ಕಕ್ಕೆ ಒಂದು ಜಾಗ ಗುರುತಿಸಿ. ಅಲ್ಲಿ ಚಾಕು ತುದಿ ಎಲುಬಿಗೆ ತಾಗುವವರೆಗೆ ಇಳಿಸಿ, ಮೇಲಿನ ಪದರ ಎಷ್ಟು ದಪ್ಪ ಇದೆ ಅಂತ ಅಳೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಅಳೆಯುವುದೂ ಇದೇ ಜಾಗದಲ್ಲಿ. ಆಸ್ಟ್ರೇಲಿಯಾದ ಲೆಕ್ಕದಲ್ಲಿ 5 ಮಿಲಿಮೀಟರ್‌ವರೆಗೆ ಒಂದು, 6ರಿಂದ 10 ಎರಡು, 11ರಿಂದ 15 ಮೂರು, 16ರಿಂದ 20 ನಾಲ್ಕು, ಅದಕ್ಕಿಂತ ಮೇಲಾದರೆ ಐದು. ಅದು ದೊಡ್ಡ ಮೈಯ ಕುರಿಗಳಿಗೆ ಕಟ್ಟಿದ ಅಳತೆ. ನಿಮ್ಮವು ಚಿಕ್ಕ ಜಾತಿಯವಾದರೆ ಅಂಕಿ ಇನ್ನೂ ಕೆಳಗೇ ಬರುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ಮರಿಗಳಲ್ಲಿ ಯಾವುದು ಜಾಸ್ತಿ, ಯಾವುದು ಕಮ್ಮಿ ಅನ್ನುವ ಕ್ರಮ ನಿಮ್ಮ ಕೈ ಹೇಳಿದ್ದಕ್ಕೆ ಹೊಂದುತ್ತಾ ಅಂತ ನೋಡಿ. ಕಿಡ್ನಿಯನ್ನೂ ನೋಡಿ. ಅದು ಅರ್ಧಂಬರ್ಧ ನೆಣದಲ್ಲಿ ಮುಚ್ಚಿದ್ದರೆ ಸರಿಯಾದ ಹೊತ್ತಿಗೆ ಕಡಿದಿದ್ದೀರಿ. ಪೂರ್ತಿ ಹೂತುಹೋಗಿ ಹುಡುಕಬೇಕಾಗಿ ಬಂದರೆ ಉಳಿದ ಐದನ್ನು ಅರ್ಧ ಅಂಕ ಮೊದಲೇ ಕೊಡಿ.